ಸೋಫಿಯಾದ ಸರ್ಕಾರ, ಸ್ಯಾನ್ ಹೋಸೆಯ ಸೂರು

"ಈ ಮನೆ ನಮಗೆ ಕೊಡುತ್ತೀರಾ?" ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಹೆಂಗಸು ನನ್ನನ್ನೂ ನನ್ನ ಮಗಳನ್ನೂ ಒಮ್ಮೆ ನೋಡಿ, ಮುಖದಲ್ಲಿ ನಗು ಇಟ್ಟುಕೊಂಡೇ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಆ ವಾರ ಹೀಗೆ ಇಲ್ಲ ಎಂದವರಲ್ಲಿ ಇವರೂ ಒಬ್ಬರು ಎಂದುಕೊಂಡು ಥ್ಯಾಂಕ್ಸ್ ಹೇಳಿ ಕಾರಿನ ಕಡೆ ತಿರುಗಿದೆ. ಆಕೆ ಬರಿಗಾಲಲ್ಲೇ ರಸ್ತೆಯ ತನಕ ಓಡಿ ಬಂದು, "ಯಾಕೆ ಹೋಗುತ್ತಿದ್ದೀರಿ? ಕೊಡುತ್ತೇನೆ ಎಂದೆನಲ್ಲ!" ಎಂದರು. ಬಲ್ಗೇರಿಯಾದವರು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರಂತೆ, ಇಲ್ಲ ಎನ್ನಲು ಮೇಲೆ ಕೆಳಗೆ. ನಾವೂ ಒಪ್ಪಿಗೆಗೆ ಕತ್ತು ವಾಲಿಸುವ ಜನವೇ, ಆದರೆ ಇಷ್ಟು ಖಡಾಖಂಡಿತವಾಗಿ ಅಲ್ಲ. ಆ ದೇಶದ ಸಂವಿಧಾನವನ್ನು ವಿಧಿ ವಿಧಿಯಾಗಿ ಓದಿ, ಅದರ ಮೇಲೆ ಪ್ರಬಂಧ ಬರೆದು, ಅದೇ ಪ್ರಬಂಧದ ಬಲದಿಂದ ಅಮೆರಿಕಕ್ಕೆ ಬಂದವಳು ನಾನು. ಅವರು ತಲೆ ಹೇಗೆ ಆಡಿಸುತ್ತಾರೆ ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಆದರೆ ಎಷ್ಟು ದಿನ ಇರಬಹುದು ಎಂದು ನಾನು ಹೇಳಲಾರೆ," ಎಂದರು ಆಕೆ, ಒಳಗೆ ಕೂರಿಸಿ ನೀರು ಕೊಟ್ಟ ಮೇಲೆ. "ನಮ್ಮ ದೇಶದಲ್ಲಿ ಒಂದು ಸರ್ಕಾರ ನಿಲ್ಲುವ ತನಕ ಇರಿ. ನಿಂತ ಮೇಲೆ ನಾನು ಈ ಮನೆ ಮಾರಿ ಊರಿಗೆ ಹೋಗುತ್ತೇನೆ."

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಷರತ್ತುಗಳು ಹೊಸತಲ್ಲ. ಮಾಂಸ ಬೇಯಿಸಬಾರದು, ನೆಂಟರು ಜಾಸ್ತಿ ಬರಬಾರದು, ಹತ್ತು ಗಂಟೆಗೆ ಗೇಟಿಗೆ ಬೀಗ. ಇಂಥವನ್ನೆಲ್ಲ ಒಪ್ಪಿ ಬದುಕಿದ್ದೆ. ಆದರೆ ನೋಡಿರದ ದೇಶವೊಂದರಲ್ಲಿ ಬಹುಮತ ಸಿಗುವವರೆಗೆ ಮಾತ್ರ ಇರಿ ಎಂಬ ಷರತ್ತನ್ನು ಯಾರೂ ಹಾಕಿರಲಿಲ್ಲ. ನಕ್ಕು ಒಪ್ಪಿಕೊಂಡೆ. ಆ ದೇಶದ ರಾಜಕೀಯ ನನಗೆ ಚೆನ್ನಾಗಿ ಗೊತ್ತಿತ್ತು, ಹತ್ತಿರದಲ್ಲೆಲ್ಲೂ ಸರ್ಕಾರ ನಿಲ್ಲುವ ಲಕ್ಷಣ ಇರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮಂಡ್ಯದವಳು, ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಮೇಡಂ ಆಗಿದ್ದೆ. ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಪೂರ್ವ ಯುರೋಪಿನ ದೇಶಗಳು ಯಾವ ನಿಯಮಗಳನ್ನು ಬರೆದುಕೊಂಡವು, ಆ ನಿಯಮಗಳು ಅವರನ್ನು ಎಲ್ಲಿಗೆ ತಂದು ನಿಲ್ಲಿಸಿದವು ಎಂಬುದು ನನ್ನ ವಿಷಯ. ಇದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಿದ್ದರೆ ನಮ್ಮ ಹುಡುಗರು "ಮೇಡಂ, ಇದು ಎಕ್ಸಾಮಿಗೆ ಬರುತ್ತಾ?" ಎನ್ನುತ್ತಿದ್ದರು. ಬರುವುದಿಲ್ಲ ಎಂದರೆ ಪೆನ್ನು ಕೆಳಗಿಡುತ್ತಿದ್ದರು. ಬರ್ಕ್ಲಿಯಲ್ಲಿ ಮೂರು ವರ್ಷದ ಸಂಶೋಧನೆಗೆ ಅವಕಾಶ ಸಿಕ್ಕಾಗ, ಬ್ಯಾಂಕಿನ ಕೆಲಸ ಬಿಡಲಾಗದ ನಮ್ಮ ಯಜಮಾನರು ಅಲ್ಲೇ ಉಳಿದರು. ಒಂಬತ್ತು ವರ್ಷದ ಇಂಚರಳನ್ನು ಕಟ್ಟಿಕೊಂಡು ನಾನು ವಿಮಾನ ಹತ್ತಿದೆ.

ಬರ್ಕ್ಲಿಯಲ್ಲಿ ಕೆಲಸ ಎಂದರೆ ಬರ್ಕ್ಲಿಯಲ್ಲಿ ಮನೆ ಎಂದು ನೀವು ಅಂದುಕೊಳ್ಳುತ್ತೀರಿ, ನಾನೂ ಅಂದುಕೊಂಡಿದ್ದೆ. ಅಲ್ಲಿನ ಬಾಡಿಗೆ ಕೇಳಿ ಬಾಯಿ ಒಣಗಿತು. ಮೊದಲು ಯಾರದೋ ಅಪಾರ್ಟ್‌ಮೆಂಟಿನ ಒಂದು ರೂಮು, ಅವರ ತಮ್ಮ ಬಂದನೆಂದು ಅಲ್ಲಿಂದ ಎದ್ದೆವು. ಆಮೇಲೆ ಒಂದು ಗ್ಯಾರೇಜು. ಅದನ್ನು ಮನೆಯೆಂದು ಬಾಡಿಗೆಗೆ ಕೊಡುವುದು ನಗರಸಭೆಯ ನಿಯಮಕ್ಕೆ ವಿರುದ್ಧವಂತೆ, ಯಾರೋ ದೂರು ಕೊಟ್ಟರು, ಅಲ್ಲಿಂದಲೂ ಎದ್ದೆವು. ಪ್ರತಿ ಸಲ ಮನೆ ಬದಲಾದರೆ ಶಾಲೆಯೂ ಬದಲು, ಏಕೆಂದರೆ ಇಲ್ಲಿ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ಮೈಸೂರಿನಲ್ಲಿ ಬಾಯಿ ಮುಚ್ಚದ ಹುಡುಗಿ ಇಂಚರ ಮಾತು ನಿಲ್ಲಿಸಿದಳು. ಶಾಲೆಯಲ್ಲಿ ಯಾರೊಂದಿಗೂ ತುಟಿ ಬಿಚ್ಚುತ್ತಿಲ್ಲ ಎಂದು ಟೀಚರು ಕರೆದು ಹೇಳಿದರು. ಮನೆಯಲ್ಲಿ ನನ್ನೊಂದಿಗೂ ಹೂಂ, ಊಹೂಂ ಅಷ್ಟೆ. ಅವಳು ನಿದ್ದೆಯಲ್ಲಿದ್ದಾಗ ಮುಖ ನೋಡುತ್ತಾ ಕೂರುತ್ತಿದ್ದೆ. ನನ್ನ ಸಂಶೋಧನೆಗೆ ಬೆಂಕಿ ಬೀಳಲಿ ಎನಿಸುತ್ತಿತ್ತು.

ಆಗ ನಾಗೇಶಣ್ಣ ಕರೆದ. ನನ್ನ ದೊಡ್ಡಪ್ಪನ ಮಗ, ಮದ್ದೂರಿನವನು, ಸ್ಯಾನ್ ಹೋಸೆ ಊರಿನ ಎವರ್‌ಗ್ರೀನ್ ಗುಡ್ಡದ ಮೇಲೆ ಮನೆ ಮಾಡಿಕೊಂಡು ವರ್ಷಗಳಾಗಿವೆ. "ಇಲ್ಲೇ ಕೆಳಗಡೆ ಬಾರವ್ವ. ನೀನು ಆಫೀಸಿಂದ ಬರೋಗಂಟ ಮಗೀನ ನಿಮ್ಮತ್ತಿಗೆ ನೋಡ್ಕಂತಾಳೆ. ದೂರ ಆದ್ರೆ ಆಯ್ತು, ಟ್ರೇನಲ್ಲಿ ಕೂತ್ಕಂಡು ಓದ್ಕೊ," ಎಂದ. ಗುಡ್ಡದ ಕೆಳಗಿನ ಆ ಬೀದಿಯಲ್ಲೇ, ಬರಿಗಾಲಲ್ಲಿ ಓಡಿಬಂದ ಆ ಹೆಂಗಸು ರಾದ್ಕಾ ಅವರ ಮನೆ ಇದ್ದದ್ದು. ಮುಂದೆ ಅವರ ಮನೆ, ಹಿತ್ತಲಿನಲ್ಲಿ ನಮ್ಮದು. ಹಿತ್ತಲಿನ ಇಂಥ ಪುಟ್ಟ ಮನೆಗೆ ಇಲ್ಲಿ ಇನ್‌ಲಾ ಯೂನಿಟ್ಟು ಎನ್ನುತ್ತಾರೆ, ವಯಸ್ಸಾದ ಅತ್ತೆಮಾವನನ್ನು ಹತ್ತಿರವೂ ಅಲ್ಲ ದೂರವೂ ಅಲ್ಲ ಎಂಬಂತೆ ಇಡುವ ಏರ್ಪಾಡು. ಒಂದು ಕೋಣೆ, ಒಂದು ಅಡಿಗೆಮನೆ, ಬಾಗಿಲು ತೆರೆದರೆ ಟೊಮ್ಯಾಟೊ ಗಿಡಗಳ ಸಾಲು.

ಆ ಟೊಮ್ಯಾಟೊ ಗಿಡಗಳಿಂದಲೇ ನನ್ನ ಮಗಳಿಗೆ ಮಾತು ವಾಪಸ್ಸು ಬಂತು. ರಾದ್ಕಾ ಮಕ್ಕಳ ಡಾಕ್ಟರು, ಆಗಷ್ಟೇ ಕೆಲಸದಿಂದ ನಿವೃತ್ತರಾಗಿದ್ದರು. ಮಾತನಾಡದ ಮಗುವನ್ನು ಮಾತನಾಡಿಸಬಾರದು ಎಂಬುದು ಅವರಿಗೆ ಗೊತ್ತಿತ್ತು. ಪೈಪು ಕೈಗೆ ಕೊಟ್ಟು ನೀರು ಹಾಕು ಎಂದರು, ಅಷ್ಟೆ. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ನಾನು ಗೇಟು ತೆಗೆದಾಗ ಇಂಚರ ಹಿತ್ತಲಿನಲ್ಲಿ ನಿಂತು ಅವರಿಗೆ ಏನೋ ವಾದ ಹೇಳುತ್ತಿದ್ದಳು, ಇಂಗ್ಲಿಷಿನಲ್ಲಿ, ಕೈ ಆಡಿಸಿಕೊಂಡು, ಜೋರಾಗಿ. ನಾನು ಗೇಟಿನ ಹತ್ತಿರವೇ ನಿಂತು ಅತ್ತುಬಿಟ್ಟೆ. ಅವರ ಭಾಷೆಯಲ್ಲಿ ಅಜ್ಜಿಗೆ ಬಾಬಾ ಎನ್ನುತ್ತಾರೆ, ಇವಳೂ ಹಾಗೇ ಕರೆಯತೊಡಗಿದಳು. "ಯಾವ ಬಾಬಾನವ್ವ, ವಿಭೂತಿ ಗಿಭೂತಿ ಕೊಡ್ತಾರಾ?" ಎಂದು ನಾಗೇಶಣ್ಣ ಗೇಲಿ ಮಾಡುತ್ತಿದ್ದ. ನಾನು ಮಾತ್ರ ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಬರೀ ಹೆಸರು ಹಿಡಿದು ಕರೆಯಬೇಕಾದಾಗಲೆಲ್ಲ ಒಳಗೇ ಒಂದು 'ಅಮ್ಮ' ಸೇರಿಸಿಕೊಳ್ಳುತ್ತಿದ್ದೆ.

ಇನ್ನು ಅವರ ಸರ್ಕಾರದ ವಿಷಯ. ಮೈಸೂರಿನಲ್ಲಿ ಕೂತು ಇದನ್ನು ಓದುವವರು ಹಾಳೆ ತಿರುವಿಬಿಡಬೇಡಿ, ಎಕ್ಸಾಮಿಗೆ ಬರದಿದ್ದರೂ ನನ್ನ ಬದುಕಿಗೆ ಬಂದ ವಿಷಯ ಇದು.

ನಮ್ಮಲ್ಲಿ ಯಾರಿಗೂ ಬಹುಮತ ಬರದಿದ್ದರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ರಾಜ್ಯಪಾಲರು ಯಾರನ್ನು ಮೊದಲು ಕರೆಯುತ್ತಾರೆ ಎಂಬುದರ ಮೇಲೆ ಗಲಾಟೆ, ಅಷ್ಟರಲ್ಲಿ ಬಸ್ಸು ಬರುತ್ತದೆ, ಶಾಸಕರು ರೆಸಾರ್ಟಿಗೆ ಹೋಗುತ್ತಾರೆ. ಬಲ್ಗೇರಿಯಾದವರು ಕರೆಯುವ ಸರದಿಯನ್ನು ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ರಾಷ್ಟ್ರಪತಿ ಮೊದಲು ಅತಿ ದೊಡ್ಡ ಪಕ್ಷವನ್ನು ಕರೆದು ಸರ್ಕಾರ ರಚಿಸಲು ಹೇಳುತ್ತಾರೆ. ಅದು ಆಗದಿದ್ದರೆ ಎರಡನೇ ದೊಡ್ಡ ಪಕ್ಷ. ಅದೂ ಆಗದಿದ್ದರೆ ಉಳಿದವರಲ್ಲಿ ರಾಷ್ಟ್ರಪತಿಗೆ ಸರಿ ಕಂಡವರು. ಈ ಆಹ್ವಾನಕ್ಕೆ ಅವರು 'ಮಂದಾತ್' ಎನ್ನುತ್ತಾರೆ. ಮೂರನೇ ಮಂದಾತ್ ಕೂಡ ಬಿದ್ದರೆ ಹಂಗಾಮಿ ಸರ್ಕಾರ, ಮತ್ತೆ ಚುನಾವಣೆ. ಕಾಗದದ ಮೇಲೆ ಎಷ್ಟು ಅಚ್ಚುಕಟ್ಟು! ಆದರೆ ನಾಲ್ಕು ಪರ್ಸೆಂಟ್ ಮತ ಪಡೆದ ಪಕ್ಷಗಳೆಲ್ಲ ಸಂಸತ್ತಿಗೆ ಬರುತ್ತವೆ, ಬಂದವರಿಗೆ ಒಬ್ಬರ ಮುಖ ಒಬ್ಬರಿಗೆ ಆಗುವುದಿಲ್ಲ. ಮೂರೂವರೆ ವರ್ಷದಲ್ಲಿ ಏಳು ಚುನಾವಣೆ ನಡೆಸಿದ ದೇಶ ಅದು. ನಡುವೆ ಒಮ್ಮೆ ಒಂಬತ್ತು ತಿಂಗಳು ನಿಮ್ಮವರು ಪ್ರಧಾನಿ, ಆಮೇಲಿನ ಒಂಬತ್ತು ತಿಂಗಳು ನಮ್ಮವರು ಎಂಬ ಒಪ್ಪಂದವೂ ಆಯಿತು. ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಎಂಬ ಮಾತು ಕರ್ನಾಟಕದಲ್ಲಿ ಏನಾಯಿತು ಎಂದು ಮುಂದೊಮ್ಮೆ ರಾದ್ಕಾಗೂ ಹೇಳಿದೆ. ಅವರದೂ ಕುರ್ಚಿ ಬಿಡುವ ಹೊತ್ತಿಗೆ ಸರಿಯಾಗಿ ಮುರಿದುಬಿತ್ತು. ನಾವು ಆ ಮನೆಗೆ ಹೋದದ್ದು ಅದು ಮುರಿದ ವಸಂತದಲ್ಲೇ.

ಇದರಿಂದ ಅವರಿಗೇನು ತೊಂದರೆ ಎಂದರೆ, ಒಂದು ಆಸ್ಪತ್ರೆ. ಬೆಟ್ಟದ ಮಗ್ಗುಲಿನ ಅವರ ಪಟ್ಟಣದಲ್ಲಿ ಮಕ್ಕಳ ಡಾಕ್ಟರೇ ಇಲ್ಲ. ಜ್ವರ ಬಂದ ಮಗುವನ್ನು ಬಸ್ಸಿನಲ್ಲಿ ದೂರದ ಊರಿಗೆ ಒಯ್ಯಬೇಕು. ಸಣ್ಣದೊಂದು ಮಕ್ಕಳ ಆಸ್ಪತ್ರೆ ಕಟ್ಟುತ್ತೇವೆ, ನೀವು ಬಂದು ನಡೆಸಿ ಎಂದು ಊರಿನವರು ಕೇಳಿದ್ದರು, ಇವರು ಮಾತು ಕೊಟ್ಟಿದ್ದರು. ಗೋಡೆ ಎದ್ದಿತು, ಸರ್ಕಾರ ಬಿತ್ತು. ಮುಂದಿನ ದುಡ್ಡಿಗೆ ಹೊಸ ಬಜೆಟ್ಟು ಬೇಕು, ಬಜೆಟ್ಟಿಗೆ ಸರ್ಕಾರ ಬೇಕು. ಹಂಗಾಮಿಯವರು ಸಂಬಳ, ಪಿಂಚಣಿ ಕೊಟ್ಟುಕೊಂಡು ದಿನ ತಳ್ಳುತ್ತಾರೆ, ಅಷ್ಟೆ. ಸೂರಿಲ್ಲದ ಗೋಡೆಗಳ ಫೋಟೋವನ್ನು ರಾದ್ಕಾ ಫೋನಿನಲ್ಲಿ ಇಟ್ಟುಕೊಂಡಿದ್ದರು. ಕಿಟಕಿಯ ಜಾಗದಲ್ಲಿ ಗಿಡ ಬೆಳೆದಿತ್ತು. ಅಲ್ಲಿ ಸೂರು ಬಂದರೆ ನಮಗೆ ಇಲ್ಲಿ ಸೂರಿಲ್ಲ, ವಿಷಯ ಇಷ್ಟು ಸರಳವಾಗಿತ್ತು.

ಬೇಸಿಗೆಯ ಸಂಜೆಗಳಲ್ಲಿ ಅವರು ತರಾತೋರ್ ಮಾಡುತ್ತಿದ್ದರು. ಮೊಸರು, ನೀರು, ಹೆಚ್ಚಿದ ಸೌತೆಕಾಯಿ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ಒಗ್ಗರಣೆ ಒಂದಿಲ್ಲ, ಅದು ಬಿಟ್ಟರೆ ನಮ್ಮ ಸೌತೆಕಾಯಿ ಮೊಸರುಬಜ್ಜಿಯೇ. ಮೊಸರು ಕಂಡುಹಿಡಿದದ್ದೇ ತಾವು ಎಂದು ಅವರ ನಂಬಿಕೆ. ನಾನು ಜಗಳಕ್ಕೆ ಹೋಗಲಿಲ್ಲ, ಏಕೆಂದರೆ ಅವರ ಮೊಸರು ನಿಜಕ್ಕೂ ಗಟ್ಟಿಯಾಗಿತ್ತು, ಹೆಪ್ಪಿಗೆಂದು ವಾರಕ್ಕೊಮ್ಮೆ ಒಂದು ಬಟ್ಟಲು ನಮ್ಮ ಬಾಗಿಲಿಗೆ ಬರುತ್ತಿತ್ತು. ಊಟ ಮಾಡುತ್ತಾ ತಮ್ಮ ಬಾಲ್ಯದ ಚುನಾವಣೆಯ ಕತೆ ಹೇಳುತ್ತಿದ್ದರು. ವಾದ್ಯ ಬಾರಿಸುತ್ತಿದ್ದರಂತೆ, ಅಪ್ಪ ಮದುವೆಯ ಸೂಟು ಹಾಕಿಕೊಂಡು ಹೋಗುತ್ತಿದ್ದರಂತೆ, ಆಯ್ಕೆಗೆ ಇರುತ್ತಿದ್ದದ್ದು ಒಂದೇ. ಹೋಗದಿದ್ದರೆ ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಮನೆಗೆ ಬಂದು ಆರೋಗ್ಯ ವಿಚಾರಿಸುತ್ತಿದ್ದರಂತೆ.

ಜೂನ್ ತಿಂಗಳಲ್ಲಿ ಅಲ್ಲಿ ಇನ್ನೊಂದು ಚುನಾವಣೆ ಆಯಿತು. ಮೊದಲ ಮಂದಾತ್ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದು ಉಳಿದಿತ್ತು. ಶಾಲೆ ಮತ್ತೆ ತೆರೆಯುವ ಸಮಯ, ಇಂಚರಳಿಗೆ ಒಬ್ಬಳು ಗೆಳತಿ ಸಿಕ್ಕಿದ್ದಳು. ನಾನು ಟ್ರೇನಿನಲ್ಲಿ ಕೂತು ಅವರ ರಾಜಧಾನಿ ಸೋಫಿಯಾದ ಸುದ್ದಿಯನ್ನು ಫೋನಿನಲ್ಲಿ ಅನುವಾದ ಮಾಡಿಸಿಕೊಂಡು ಓದುತ್ತಿದ್ದೆ. ಸಂಶೋಧನೆಗೆ ಎಂದು ಹೇಳಿಕೊಂಡರೂ ಎದೆ ಹೊಡೆದುಕೊಳ್ಳುತ್ತಿದ್ದದ್ದು ಸಂಶೋಧನೆಗಲ್ಲ. 'ರಾಜಕೀಯ ಸ್ಥಿರತೆ' ಎಂಬ ಪದವನ್ನು ಎಷ್ಟು ಸಲ ಬರೆದಿದ್ದೇನೋ! ಈಗ ಆ ದೇಶದ ಅಸ್ಥಿರತೆಗಾಗಿ ಹರಕೆ ಹೊರುವುದೊಂದು ಬಾಕಿ ಇತ್ತು. ಒಂದು ಬೆಳಿಗ್ಗೆ ಸುದ್ದಿ ಬಂತು, ಮೂರನೆಯದೂ ಬಿತ್ತು.

ನಾಗೇಶಣ್ಣನಿಗೆ ಫೋನು ಮಾಡಿದೆ. "ಅಣ್ಣ, ಬಿತ್ತು ಕಣೊ! ಇನ್ನು ಚಳಿಗಾಲದ ತನಕ ಏನೂ ಇಲ್ಲ."

"ಅಲ್ಲ ಕಣವ್ವ, ಅದ್ಯಾವುದೋ ದೇಶದ ಗೌರ್ಮೆಂಟು ಬಿದ್ರೆ ನೀನ್ಯಾಕಿಂಗೆ ಕುಣೀತಾ ಇದ್ದೀಯ? ನಂಗೊತ್ತಿಲ್ದಂಗೆ ಅಲ್ಲೇನಾದ್ರೂ ಎಲೆಕ್ಸನ್ನಿಗೆ ನಿಂತಿದ್ದಾ?" ಎಂದ. ಕಾರಣ ಹೇಳಿದೆ. ಅವನೂ ಖುಷಿಪಟ್ಟ. "ಹಂಗಾರೆ ಏನಾರ ಸಿಹಿ ಮಾಡವ್ವ, ಮಗಿಗೂ ತಿನ್ನಿಸು."

ಒಳ್ಳೆಯದಾದಾಗ ನಮ್ಮ ಕೈ ತಾನಾಗೇ ಬೆಲ್ಲದ ಡಬ್ಬಿಗೆ ಹೋಗುತ್ತದೆ. ಆ ಸಂಜೆ ಹೆಸರುಬೇಳೆ ಪಾಯಸ ಮಾಡಿದೆ, ತೆಂಗಿನಕಾಯಿ ಹಾಲು ಹಾಕಿ, ಗೋಡಂಬಿ ತುಪ್ಪದಲ್ಲಿ ಹುರಿದು. ಮನೆಯಲ್ಲಿ ಸಿಹಿ ಮಾಡಿದರೆ ಪಕ್ಕದ ಮನೆಗೆ ಕೊಡದೆ ತಿಂದು ನಮ್ಮಲ್ಲಿ ಯಾರಿಗಾದರೂ ಅಭ್ಯಾಸವಿದೆಯೇ? ಕೊಡುವಾಗ ಯೋಚನೆ ಮಾಡುವ ಅಭ್ಯಾಸವೂ ಇಲ್ಲ. ಬಟ್ಟಲು ತುಂಬಿ, ಮೇಲೊಂದು ತಟ್ಟೆ ಮುಚ್ಚಿ, "ಬಾಬಾಗೆ ಕೊಟ್ಟು ಬಾ ಪುಟ್ಟಾ," ಎಂದು ಇಂಚರಳ ಕೈಗೆ ಕೊಟ್ಟೆ. ಹೋದವಳು ತುಂಬ ಹೊತ್ತು ಬರಲಿಲ್ಲ. ಬಂದಾಗ ಮುಖ ಸಣ್ಣಗಾಗಿತ್ತು.

"ಅಮ್ಮಾ, ಬಾಬಾ ಅಳ್ತಿದ್ರು."

"ಯಾಕಮ್ಮಾ? ಏನಂದೆ ನೀನು?"

"ವಾಟ್ಸ್ ದಿ ಅಕೇಶನ್ ಅಂತ ಕೇಳಿದ್ರು. ಯುವರ್ ಗವರ್ನಮೆಂಟ್ ಫೆಲ್, ಸೋ ವಿ ಕ್ಯಾನ್ ಸ್ಟೇ ಅಂದೆ. ನೀನೇ ಮಾಮಂಗೆ ಹಂಗೇ ಹೇಳಿದ್ದಲ್ವಾ?"

ಆ ಕ್ಷಣ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬರಿಗಾಲಲ್ಲಿ ಓಡಿದೆ. ರಾದ್ಕಾ ಅಡಿಗೆಮನೆಯ ಮೇಜಿನ ಮುಂದೆ ಕೂತಿದ್ದರು. ಬಟ್ಟಲು ಖಾಲಿಯಾಗಿತ್ತು. ಕಣ್ಣು ಕೆಂಪಾಗಿತ್ತು.

"ಚೆನ್ನಾಗಿದೆ," ಎಂದರು. "ನಮ್ಮ ಸಂವಿಧಾನದಿಂದ ಭೂಮಿಯ ಮೇಲೆ ಒಬ್ಬರಿಗಾದರೂ ಉಪಯೋಗವಾಯಿತಲ್ಲ, ಶೈಲಾ."

ಕ್ಷಮೆ ಕೇಳಬೇಕೆಂದೇ ಹೋಗಿದ್ದೆ, ಸತ್ಯವಾಗಿ. ಆದರೆ ಆ ಮಾತು ಚುಚ್ಚಿತು. ವರ್ಷವಿಡೀ ಒಳಗಿದ್ದ ಸಿಟ್ಟೆಲ್ಲ ಬಾಯಿಗೆ ಬಂತು. ಗ್ಯಾರೇಜಿನಿಂದ ಎಬ್ಬಿಸಿದ ನಗರಸಭೆಯ ಮೇಲಿನ ಸಿಟ್ಟು, ವಿಳಾಸಕ್ಕೆ ತಕ್ಕಂತೆ ಶಾಲೆ ಬದಲಾಯಿಸುವ ಶಿಕ್ಷಣ ಇಲಾಖೆಯ ಮೇಲಿನ ಸಿಟ್ಟು, ಹಗಲಿನ ಬೆಳಕನ್ನೆಲ್ಲ ಟ್ರೇನಿನ ಕಿಟಕಿಯಲ್ಲೇ ನೋಡುವ ಸಿಟ್ಟು.

"ನಾನೇನು ಮಾಡಲಿ ರಾದ್ಕಾ? ನನ್ನ ಮಗು ಈಗ ತಾನೆ ಬಾಯಿ ಬಿಟ್ಟಿದೆ. ಇಂಥ ನಿಯಮಗಳನ್ನು ಬರೆದವರು ಯಾರು? ನೀವೇ ತಾನೆ? ಒಂದು ಸರ್ಕಾರ ಕಟ್ಟಲಾಗದ ನಿಯಮ ಅದೆಂಥ ನಿಯಮ?"

"ನಾವೇ ಬರೆದದ್ದು. ಹೆದರಿಕೊಂಡು ಬರೆದೆವು," ಎಂದರು ಅವರು, ನನ್ನಷ್ಟೇ ಜೋರಾಗಿ. "ನಲವತ್ತು ವರ್ಷಕ್ಕೂ ಹೆಚ್ಚು ಒಂದೇ ಪಕ್ಷ ನಮ್ಮ ತಲೆಯ ಮೇಲೆ ಕೂತಿತ್ತು. ಇನ್ನು ಯಾರೂ ಹಾಗೆ ಕೂರಬಾರದು ಎಂದು ಬರೆದೆವು. ಈಗ ದಮ್ಮಯ್ಯ ಎಂದರೂ ಯಾರೂ ಕೂರುತ್ತಿಲ್ಲ. ನಗು ಬಂದರೆ ನಕ್ಕುಬಿಡು. ನೀನು ಪುಸ್ತಕದಲ್ಲಿ ಓದಿದವಳು. ನಾನು ಆ ಪಕ್ಷ ಬಿದ್ದ ಚಳಿಗಾಲದಲ್ಲಿ ಜನರೊಂದಿಗೆ ಚೌಕದಲ್ಲಿ ನಿಂತಿದ್ದವಳು."

ಬಟ್ಟಲು ತೊಳೆದು ನನ್ನ ಕೈಗೆ ಕೊಟ್ಟರು. ಖಾಲಿ ಬಟ್ಟಲು ಹಿಡಿದು ಹಿತ್ತಲು ದಾಟುವಾಗ ನನಗೆ ಅವರ ಮೇಲೂ ನನ್ನ ಮೇಲೂ ಒಂದೇ ಸಮ ಕೋಪವಿತ್ತು. ಅಲ್ಲಿಂದಾಚೆ ವಾರಗಟ್ಟಲೆ ಹೆಪ್ಪು ಬರಲಿಲ್ಲ. ಇಂಚರ ಎಂದಿನಂತೆ ಗಿಡಕ್ಕೆ ನೀರು ಹಾಕಿದಳು, ಅವಳೊಂದಿಗೆ ಅವರು ಎಂದಿನಂತೆಯೇ ಇದ್ದರು. ನನಗೆ ಮಾತ್ರ ಗುಡ್ ಮಾರ್ನಿಂಗು, ಗುಡ್ ಈವನಿಂಗು. ಅಂಗಡಿಯಿಂದ ತಂದ ಮೊಸರಿನಲ್ಲೇ ಅನ್ನ ಕಲಸಿಕೊಂಡೆ.

ಅಕ್ಟೋಬರಿನಲ್ಲಿ ಮತ್ತೆ ಚುನಾವಣೆ ಬಂತು. ಹೊರದೇಶದಲ್ಲಿರುವ ತಮ್ಮ ಪ್ರಜೆಗಳಿಗೆ ಆ ದೇಶ ಅಲ್ಲಲ್ಲೇ ಮತಗಟ್ಟೆ ತೆರೆಯುತ್ತದೆ. ಸಾಕಷ್ಟು ಜನ ಮೊದಲೇ ಕೇಳಿಕೊಂಡಿರಬೇಕು, ಅಷ್ಟೆ. ನಾವಿರುವ ಬೇ ಏರಿಯಾ ಪ್ರದೇಶದಲ್ಲೂ ಒಂದು ಬಾಡಿಗೆ ಸಭಾಂಗಣದಲ್ಲಿ ತೆರೆದಿದ್ದರು. ರಾದ್ಕಾಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಫ್ರೀವೇಯಲ್ಲಿ ಕಾರು ಓಡಿಸುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿ, "ಕರೆದುಕೊಂಡು ಹೋಗುತ್ತೀಯಾ? ನಿನ್ನ ಮನೆಯ ವಿರುದ್ಧ ಮತ ಹಾಕುವುದಕ್ಕೆ," ಎಂದರು. ಮುಖದಲ್ಲಿ ನಗು ಇತ್ತೋ ಇಲ್ಲವೋ ತಿಳಿಯಲಿಲ್ಲ. ಕಾರಿನ ಕೀ ತೆಗೆದುಕೊಂಡೆ.

ಸಭಾಂಗಣದ ಹೊರಗೆ ಉದ್ದನೆಯ ಸಾಲು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಕೋಲು ಊರಿದ ಮುದುಕಿಯರು, ಯಾರೋ ಮನೆಯಿಂದ ತಂದು ಹಂಚುತ್ತಿದ್ದ ಚೀಸ್ ತುಂಬಿದ ಪದರು ರೊಟ್ಟಿ. ನಾನು ಸಾಲಿನ ಪಕ್ಕದಲ್ಲಿ ನಿಂತಿದ್ದೆ. ಇದ್ದಕ್ಕಿದ್ದಂತೆ ಎಲ್ಲರ ಫೋನುಗಳೂ ಸದ್ದು ಮಾಡಿದವು. ಅಲ್ಲಿ ರಾತ್ರಿ ಎಂಟಾಗಿ ಮತದಾನ ಮುಗಿದಿತ್ತು, ಮತಗಟ್ಟೆ ಸಮೀಕ್ಷೆ ಹೊರಬಿದ್ದಿತ್ತು. ನಮಗಿನ್ನೂ ಬೆಳಗಿನ ಹೊತ್ತು. ಯಾರಿಗೂ ಬಹುಮತವಿಲ್ಲ, ಹೋದ ಸಲದಂತೆಯೇ ಚೂರು ಚೂರು. ಇವರು ಹಾಕಲಿರುವ ಮತದ ಫಲಿತಾಂಶ ಇವರ ಕೈಯಲ್ಲಿ ಆಗಲೇ ಇತ್ತು.

"ಈಗ ಇನ್ನೇನು? ಹೋಗೋಣವಾ?" ಎಂದೆ. ಎಂಥ ಪೆದ್ದು ಪ್ರಶ್ನೆ ಎಂದು ಕೇಳಿದ ಮೇಲೆ ಗೊತ್ತಾಯಿತು. ಸಾಲಿನಲ್ಲಿ ಒಬ್ಬರೂ ಕದಲಲಿಲ್ಲ. ಫೋನು ನೋಡಿ, ನಿಟ್ಟುಸಿರು ಬಿಟ್ಟು, ಜೇಬಿಗೆ ಹಾಕಿಕೊಂಡು ಮುಂದಿನ ಹೆಜ್ಜೆ ಇಟ್ಟರು. ರಾದ್ಕಾ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿದ್ದ ಯುವತಿ ನನ್ನನ್ನೂ ಮತದಾರಳೆಂದುಕೊಂಡು ಪಾಸ್‌ಪೋರ್ಟ್ ಕೇಳಿದಳು. ನಾನು ಭಾರತದವಳು ಎಂದೆ.

"ಓ, ನಿಮ್ಮಲ್ಲಿ ಈ ವರ್ಷ ದೊಡ್ಡ ಚುನಾವಣೆ ಆಯಿತಲ್ಲ! ಇಲ್ಲಿ ಎಲ್ಲಿ ಮತ ಹಾಕಿದಿರಿ?" ಎಂದಳು ಆಕೆ ಉತ್ಸಾಹದಿಂದ.

ಎಲ್ಲೂ ಇಲ್ಲ ಎಂದೆ. ಹೊರದೇಶದಲ್ಲಿರುವ ನಮ್ಮವರು ಊರಿಗೇ ಹೋಗಿ, ಮತಗಟ್ಟೆಯಲ್ಲಿ ಖುದ್ದಾಗಿ ನಿಂತರೆ ಮಾತ್ರ ಮತ. ನಾನು ಇಷ್ಟು ವರ್ಷ ಚುನಾವಣೆಯ ಪಾಠ ಹೇಳಿದವಳು, ಚುನಾವಣೆಯ ದಿನ ಇಲ್ಲಿ ಟ್ರೇನಿನಲ್ಲಿ ಕೂತಿದ್ದೆ. ಅಮೆರಿಕದ ಚುನಾವಣೆ ಮುಂದಿನ ತಿಂಗಳಿತ್ತು, ಬೀದಿ ತುಂಬ ಬೋರ್ಡುಗಳಿದ್ದವು. ಅದೂ ನನ್ನದಲ್ಲ. ಏಳನೇ ಸಲವೂ ಸೋತು ಮತ ಹಾಕಲು ನಿಂತ ಆ ಜನರನ್ನು ನೋಡಿ ಮೊದಲ ಬಾರಿಗೆ ನನಗೆ ಅವರ ಸರ್ಕಾರ ನಿಲ್ಲಲಿ ಎನಿಸಿತು. ನಮ್ಮ ಮನೆ ಹೋದರೂ ಸರಿ ಎಂದಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿಲ್ಲಲಿ ಎನಿಸಿತು, ಅಷ್ಟೆ. ಮರುದಿನ ಬಾಗಿಲು ತೆರೆದಾಗ ಹೊಸ್ತಿಲಲ್ಲಿ ಮೊಸರಿನ ಬಟ್ಟಲು ಇತ್ತು.

ಜನವರಿಯಲ್ಲಿ ಸರ್ಕಾರ ನಿಂತಿತು. ಹೇಗೋ ಮೂರು ನಾಲ್ಕು ಪಕ್ಷಗಳು ಸೇರಿ ಗಂಟು ಹಾಕಿಕೊಂಡವು. ನಾನೇ ಹೋಗಿ ಶುಭಾಶಯ ಹೇಳಿದೆ. ರಾದ್ಕಾ ನನ್ನ ಎರಡೂ ಕೈ ಹಿಡಿದುಕೊಂಡು, "ಮಗುವಿನ ಶಾಲೆ ಮುಗಿಯುವವರೆಗೆ ಇರಿ," ಎಂದರು. ಆಮೇಲೆ ಬಜೆಟ್ಟು ಆಯಿತು, ದುಡ್ಡು ಬಂತು, ಬೇಸಿಗೆಯಲ್ಲಿ ಮನೆ ಮಾರಾಟವಾಯಿತು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಇಂಚರ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಮನೆಯನ್ನು ಕೊಂಡವರು ಮೊದಲು ಮಾಡಿದ ಕೆಲಸ ಹಿತ್ತಲಿನ ಗಿಡ ಕಿತ್ತು ಸಿಮೆಂಟು ಹಾಕಿಸಿದ್ದು ಎಂದು ನಾಗೇಶಣ್ಣ ಹೇಳಿದ.

ನಮಗೆ ಕೈಗೆಟುಕಿದ್ದು ಗಿಲ್‌ರಾಯ್. ದಕ್ಷಿಣದ ಆ ಕೃಷಿ ಪಟ್ಟಣದಲ್ಲಿ ಮನೆ ಅಗ್ಗ, ಬರ್ಕ್ಲಿಗೆ ಹೋಗಿಬರುವುದೆಂದರೆ ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡಿದಂತೆ. ಊರಿಗೆಲ್ಲ ಬೆಳ್ಳುಳ್ಳಿಯ ವಾಸನೆ. ಹೊಸ ಶಾಲೆಯಲ್ಲಿ ಇಂಚರ ಮತ್ತೆ ಮೂಕಿಯಾಗುತ್ತಾಳೆಂದು ನಾನು ಹೆದರಿ ಸಾಯುತ್ತಿದ್ದೆ. ಹಾಗಾಗಲಿಲ್ಲ, ಮೊದಲ ವಾರವೇ ಯಾರೊಂದಿಗೋ ಜಗಳ ಮಾಡಿಕೊಂಡು ಬಂದಳು. ನಾನು ಬೈಯುವ ಬದಲು ಕೆನ್ನೆಗೆ ಮುತ್ತು ಕೊಟ್ಟೆ. ಆದರೆ ಕನ್ನಡ ಮಾತ್ರ ದಿನದಿಂದ ದಿನಕ್ಕೆ ಇಂಗ್ಲಿಷಿಗೆ ತಿರುಗುತ್ತಿದೆ. ನಾನು ಕೇಳುವುದು ಒಂದು ಭಾಷೆಯಲ್ಲಿ, ಅವಳು ಉತ್ತರ ಕೊಡುವುದು ಇನ್ನೊಂದರಲ್ಲಿ.

ಡಿಸೆಂಬರಿನ ಒಂದು ಬೆಳಿಗ್ಗೆ ಫೋನು ಬಂತು. ಜ್ವರವೆಂದು ಇಂಚರ ಶಾಲೆಗೆ ರಜೆ ಹಾಕಿದ್ದಳು, ನಾನೂ ಮನೆಯಲ್ಲಿದ್ದೆ, ಅವಳ ಮುಂದೆ ಗಂಜಿ ಇಟ್ಟಿದ್ದೆ. ಫೋನಿನಲ್ಲಿ ರಾದ್ಕಾ. ಹಿಂದೆ ಭಾರೀ ಗಲಾಟೆ, ಕೂಗು, ಸೀಟಿ. ಅಲ್ಲಿ ಸಂಜೆಯಾಗಿತ್ತು.

"ಎಲ್ಲಿದ್ದೀರಿ? ಏನಾಯಿತು?" ಎಂದು ಗಾಬರಿಯಿಂದ ಕೇಳಿದೆ.

"ಚೌಕದಲ್ಲಿದ್ದೇನೆ! ಸರ್ಕಾರ ಇಳಿಯಬೇಕು ಎಂದು ಕೂಗುತ್ತಿದ್ದೇವೆ. ಸಾವಿರಾರು ಜನ, ಶೈಲಾ, ಎಲ್ಲ ಮಕ್ಕಳು, ನನ್ನ ಮೊಮ್ಮಕ್ಕಳ ವಯಸ್ಸಿನವರು!"

ನನಗೆ ತಲೆ ಕೆಟ್ಟಿತು. "ಸರ್ಕಾರ ನಿಲ್ಲಲಿ ಎಂದು ಅಷ್ಟು ವರ್ಷ ಕಾದವರು ನೀವು. ಆಸ್ಪತ್ರೆಗೆ ಬರಬೇಕಾದ ಬಾಕಿ ದುಡ್ಡು?"

"ಸೂರಾಗಿದೆ. ಬಾಗಿಲು, ಮಂಚ ಎಲ್ಲ ಬಾಕಿ. ಆ ದುಡ್ಡು ಹೊಸ ಬಜೆಟ್ಟಿನಲ್ಲಿದೆ. ಜನರ ಮೇಲೆ ಹೊರೆ ಹಾಕಿ ಕಳ್ಳರ ಜೇಬು ತುಂಬುವ ಆ ಬಜೆಟ್ಟೇ ಬೇಡ ಎನ್ನುತ್ತಿದ್ದೇವೆ." ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಸ್ಯಾನ್ ಹೋಸೆಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. "ಅಲ್ಲಿದ್ದಾಗ ನನಗೊಂದು ಸರ್ಕಾರ ಬೇಕಿತ್ತು, ಎಂಥದ್ದಾದರೂ ಸರಿ. ಇಲ್ಲಿ ಬಂದು ಬದುಕಲು ಶುರು ಮಾಡಿದ ಮೇಲೆ ಎಂಥದ್ದು ಎಂದು ನೋಡಬೇಕಾಗುತ್ತದೆ. ಕೇಳು, ಕೇಳು," ಎಂದು ಫೋನನ್ನು ಜನರ ಕಡೆ ಎತ್ತಿ ಹಿಡಿದರು.

ನಾನು ಕೇಳುತ್ತಾ ನಿಂತೆ. ನಮ್ಮನ್ನು ಮನೆಯಿಂದ ಎಬ್ಬಿಸಿದ ಸರ್ಕಾರ ವರ್ಷವೂ ತುಂಬದೆ ಉರುಳುತ್ತಿದೆ, ಎಬ್ಬಿಸಿದವರೇ ಅದನ್ನು ಉರುಳಿಸುತ್ತಿದ್ದಾರೆ, ಇತ್ತ ನಾವು ಗಿಲ್‌ರಾಯ್‌ನಲ್ಲಿ. ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಮಂಡ್ಯದಲ್ಲಿ ಕಾವೇರಿ ಗಲಾಟೆ ಎಂದರೆ ಹುಡುಗಿಯರೆಲ್ಲ ಹೆದ್ದಾರಿಯಲ್ಲಿ ಕೂತು ಗಂಟಲು ಹರಿಯುವಂತೆ ಕೂಗಿದವರು ನಾವು. ಪೊಲೀಸರು ಬಸ್ಸಿಗೆ ತುಂಬಿ ಎಲ್ಲೋ ಒಂದು ಮೈದಾನದಲ್ಲಿ ಕೂರಿಸಿ ಸಂಜೆ ಬಿಡುತ್ತಿದ್ದರು, ಮನೆಗೆ ಬಂದರೆ ಅವ್ವ ಬೈಯುತ್ತಲೇ ಬಿಸಿ ಮುದ್ದೆ ಹಾಕುತ್ತಿದ್ದಳು. ಇಲ್ಲಿ ಬರ್ಕ್ಲಿಯ ಗೇಟಿನಲ್ಲಿ ಹುಡುಗರು ಬಾವುಟ ಹಿಡಿದು ನಿಂತಿದ್ದರೆ ನಾನು ಸುತ್ತಿಕೊಂಡು ಬೇರೆ ಗೇಟಿನಿಂದ ಒಳಗೆ ಹೋಗುತ್ತೇನೆ. ಫೋಟೋದಲ್ಲಿ ಬಿದ್ದರೆ ವೀಸಾಕ್ಕೆ ಏನಾದರೂ ಆದೀತೆಂಬ ಭಯ. ಊರಿನಲ್ಲಿ ಏನೇ ಆದರೂ ಅಲ್ಲಿದ್ದವರು, "ನೀನು ಅಮೆರಿಕದಲ್ಲಿ ಕೂತು ಏನು ಹೇಳ್ತೀಯ ಬಿಡು," ಎನ್ನುತ್ತಾರೆ.

ಇಂಚರ ಚಮಚ ಹಿಡಿದು ನೋಡುತ್ತಿದ್ದಳು. "ಯಾರಮ್ಮಾ ಅದು ಕೂಗ್ತಿರೋದು?"

"ಬಾಬಾ."

"ಯಾರ ಮೇಲೆ?"

"ಅವರ ಸರ್ಕಾರದ ಮೇಲೆ."

ಚಮಚವನ್ನು ಗಂಜಿಯಲ್ಲಿ ಅದ್ದಿದಳು. ಆಮೇಲೆ ಅಪರೂಪಕ್ಕೆ ಇಡೀ ವಾಕ್ಯವನ್ನು ಕನ್ನಡದಲ್ಲೇ ಕೇಳಿದಳು. "ಅಮ್ಮಾ, ನಮ್ ಸರ್ಕಾರ ಯಾವ್ದು?"

ಫೋನಿನಲ್ಲಿ ಆ ಜನ ಇನ್ನೂ ಕೂಗುತ್ತಿದ್ದರು. "ಗಂಜಿ ಕುಡಿ, ಆರೋಗುತ್ತೆ," ಎಂದೆ.